ಓಟಿ ಜಾಸ್ತಿಯಾಯ್ತು, ಮಾಲು ಮಾತ್ರ ಅಷ್ಟೇ

ಪ್ರಶ್ನೆ: ನರಸಾಪುರದ ಕಾರ್ಖಾನೆಯೊಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಲೈನಿನಲ್ಲಿ 22 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ಮೂರು ತಿಂಗಳಿಂದ ದಿನಾ ಎರಡು ಗಂಟೆ ಓಟಿ (ಓವರ್‌ಟೈಮ್), ಭಾನುವಾರವೂ ಕೆಲಸ. ಓಟಿ ಇದೆಯೋ ಇಲ್ಲವೋ ಅಂತ ನನಗೇ ಗೊತ್ತಾಗುವುದು ಸಂಜೆ ನಾಲ್ಕಕ್ಕೆ. ಡಬಲ್ ಸಂಬಳ ಕೊಟ್ಟರೂ ಟಾರ್ಗೆಟ್ ಮುಟ್ಟುತ್ತಿಲ್ಲ. ಸೋಮವಾರ ನಾಲ್ಕೈದು ಜನ ಗೈರು. ಇವರಿಗೆ ಹುಮ್ಮಸ್ಸು ತುಂಬುವುದು ಹೇಗೆ?
– ಹೆಸರು ಬೇಡ, ಕೋಲಾರ

ಉತ್ತರ: ಹುಮ್ಮಸ್ಸು ಆಮೇಲೆ, ಮೊದಲು ಗಂಟೆ ಎಣಿಸೋಣ. ವಾರಕ್ಕೆ 48, ಓಟಿ 12, ಭಾನುವಾರದ್ದು 8. ಒಟ್ಟು 68 ಗಂಟೆ!

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಹೆಣ್ಣುಮಕ್ಕಳೂ ಹೀಗೇ ದುಡಿದಿದ್ದರು. ಆಗ ಬರೆದಿಟ್ಟ ಲೆಕ್ಕವನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕವೆಲ್ 2014ರಲ್ಲಿ ಮತ್ತೆ ಕೂಡಿ ಕಳೆದು ನೋಡಿದರು. ವಾರಕ್ಕೆ ಸುಮಾರು 49 ಗಂಟೆವರೆಗೆ ದುಡಿದಷ್ಟೂ ಮಾಲು. ಆಮೇಲೆ ಗಂಟೆ ಏರಿದಷ್ಟು ಮಾಲು ಏರುವುದಿಲ್ಲ. 70 ಗಂಟೆ ದುಡಿದರೂ 56 ಗಂಟೆಯಲ್ಲಿ ಆಗುವಷ್ಟೇ, ಹೆಚ್ಚುಕಮ್ಮಿ. ಭಾನುವಾರದ ಬಿಡುವು ತಪ್ಪಿದಾಗಲಂತೂ ಇನ್ನೂ ಇಳಿಯಿತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಸಂಜೆ ನಾಲ್ಕರ ಮೇಲೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಯಿಂದ ಬರುವವಳ ಮನೆಯಲ್ಲಿ ಒಂದು ಹಸು ಇರುತ್ತದೆ. ಡೇರಿಗೆ ಹಾಲು ಹಾಕಲು ಇಂತಿಷ್ಟೇ ಹೊತ್ತು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಹಸು ಒದೆಯುತ್ತದೆ. ನೀವು ನಾಲ್ಕಕ್ಕೆ "ಇವತ್ತು ನಿಲ್ಲಿ" ಅಂದಾಗ ಅವಳ ಕೈ ಪೀಸಿನ ಮೇಲಿರುತ್ತದೆ, ಮನಸ್ಸು ಕೊಟ್ಟಿಗೆಯಲ್ಲಿ. ನಾನು ನೋಡಿದ ಒಂದು ಲೈನಿನಲ್ಲಿ ಸಂಜೆ ತಪ್ಪಾಗಿ ಜೋಡಿಸಿದ್ದನ್ನು ಬೆಳಿಗ್ಗೆ ಬಿಚ್ಚುತ್ತಾ ಕೂರುತ್ತಿದ್ದರು.

ಹಾಗಂತ ಓಟಿ ಪೂರ್ತಿ ನಿಲ್ಲಿಸಬೇಡಿ. ಚೀಟಿ, ಸಂಘದ ಸಾಲ ಕಟ್ಟುವವರು ನಿಮ್ಮನ್ನೇ ಬಯ್ಯುತ್ತಾರೆ. ಶನಿವಾರವೇ ಮುಂದಿನ ವಾರದ ಪಟ್ಟಿ ಅಂಟಿಸಿ. ಒಬ್ಬರಿಗೆ ವಾರಕ್ಕೆ ಎರಡೇ ದಿನ. ಬೇಡ ಅನ್ನುವವರು ಅದಲುಬದಲು ಮಾಡಿಕೊಳ್ಳಲಿ. ಭಾನುವಾರ ಬಿಟ್ಟುಬಿಡಿ. ಡಬಲ್ ಸಂಬಳ ಕೊಟ್ಟ ಮಾತ್ರಕ್ಕೆ ವಾರದ ರಜೆ ತಪ್ಪಿಸೋ ಹಾಗಿಲ್ಲ, ಕಾನೂನೇ ಬಿಡಲ್ಲ. ಸೋಮವಾರ ಬಾರದವರು ಆ ರಜೆಯನ್ನೇ ತಾವಾಗಿ ತೆಗೆದುಕೊಳ್ಳುತ್ತಿದ್ದಾರೆ, ಅಲ್ವಾ?

ಮ್ಯಾನೇಜರ್ ಹತ್ತಿರ "ಪಾಪ, ಕಷ್ಟ" ಅನ್ನಬೇಡಿ, ಕೆಲಸವಾಗಲ್ಲ. ಸಂಜೆಯ ಎರಡು ಗಂಟೆಯ ರೀವರ್ಕ್, ಅಂದರೆ ಬಿಚ್ಚಿ ಮತ್ತೆ ಮಾಡಬೇಕಾದ ಪೀಸಿನ ಲೆಕ್ಕ, ಬೇರೆ ತೆಗೆದು ತೋರಿಸಿ. ಡಬಲ್ ಕೊಟ್ಟು ಮಾಡಿಸಿದ್ದನ್ನು ಮತ್ತೆ ಸಂಬಳ ಕೊಟ್ಟು ಬಿಚ್ಚಿಸುತ್ತಿದ್ದೇವೆ ಸಾರ್, ಅನ್ನಿ. ಒಂದು ತಿಂಗಳು ನೋಡಿ, ರೀವರ್ಕ್ ಲೆಕ್ಕದ ಜೊತೆ ಮತ್ತೆ ಬರೆಯಿರಿ.