ಕಾಸರಗೋಡಿನವರು ಹಾಯಿದೋಣಿಯಲ್ಲಿ ಗಾಲೆ ಬಂದರಿಗೆ ಹೋಗುವುದಾದರೆ

ಕಾಸರಗೋಡಿನಿಂದ ಸ್ವಂತ ಹಾಯಿದೋಣಿಯಲ್ಲಿ ಶ್ರೀಲಂಕಾದ ಬಂದರೊಂದಕ್ಕೆ ಹೋಗಲು ಯಾವ ವಿಧಿವಿಧಾನಗಳಿವೆ, ಅಲ್ಲಿ ಯಾವ ಸೌಲಭ್ಯಗಳು ದೊರೆಯುತ್ತವೆ ಎಂದು ತಾವು ಕೇಳಿದ್ದೀರಿ. ನಾನು ಬೇಕಲದ ಹತ್ತಿರದವನು. ನಮ್ಮ ಕಡೆಯ ಅನೇಕರಂತೆ ಸರಕು ಹಡಗುಗಳಲ್ಲಿ ವರ್ಷಗಟ್ಟಲೆ ದುಡಿದವನು. ನಿವೃತ್ತನಾದ ಮೇಲೆ ಗೆಳೆಯರೊಬ್ಬರ 38 ಅಡಿಯ ಹಾಯಿದೋಣಿಯಲ್ಲಿ ಕೊಚ್ಚಿಯಿಂದ ಶ್ರೀಲಂಕಾದ ದಕ್ಷಿಣ ತೀರದ ಗಾಲೆ ಬಂದರಿಗೆ ಹೋಗಿ ಬಂದಿದ್ದೇನೆ. ಹಡಗಿನಲ್ಲಿದ್ದಾಗ ಕಾಗದಪತ್ರಗಳ ಗೊಡವೆ ನನಗಿರಲಿಲ್ಲ. ಸಣ್ಣ ದೋಣಿಯಲ್ಲಿ ಅದೇ ಅರ್ಧ ಪ್ರಯಾಣವೆಂದು ಆಗ ತಿಳಿಯಿತು.

ಕಾಸರಗೋಡಿನಿಂದ ನೇರವಾಗಿ ವಿದೇಶಕ್ಕೆ ಹೊರಡಲಾಗುವುದಿಲ್ಲ. ಚಂದ್ರಗಿರಿಯ ಅಳಿವೆಯಲ್ಲಾಗಲಿ ಮಂಜೇಶ್ವರದ ಮೀನುಗಾರಿಕಾ ಬಂದರಿನಲ್ಲಾಗಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಇಮಿಗ್ರೇಷನ್ ಕಚೇರಿಯಿಲ್ಲ. ಉತ್ತರದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಅಥವಾ ದಕ್ಷಿಣದಲ್ಲಿ ಕೊಚ್ಚಿಗೆ ಹೋಗಿ ಅಲ್ಲಿಂದ ಹೊರಡಬೇಕು. ನನ್ನ ಮಟ್ಟಿಗೆ ಕೊಚ್ಚಿಯೇ ಮೇಲು. ಬೋಳ್ಗಾಟಿ ದ್ವೀಪದಲ್ಲಿ, 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯ ಪಕ್ಕದಲ್ಲಿ, ಯಾಟ್‌ಗಳಿಗೆಂದೇ (ಇಂತಹ ಖಾಸಗಿ ವಿಹಾರದೋಣಿಗಳಿಗೆಂದೇ) ಮರೀನಾ, ಎಂದರೆ ದೋಣಿ ಕಟ್ಟುವ ತಂಗುದಾಣ, ಇರುವುದರಿಂದ ಕಾಗದಪತ್ರ ಮುಗಿಯುವವರೆಗೆ ದೋಣಿಯನ್ನು ನೆಮ್ಮದಿಯಿಂದ ಕಟ್ಟಿಡಬಹುದು. ಕಸ್ಟಮ್ಸ್, ಇಮಿಗ್ರೇಷನ್ ಮುಗಿಸಿ ಬಂದರಿನಿಂದ ನಿರ್ಗಮನ ಪತ್ರ ಪಡೆಯುವುದನ್ನು ಮರೆಯಬೇಡಿ. ಮುಂದಿನ ಬಂದರಿನವರು ಮೊದಲು ಕೇಳುವ ಕಾಗದವೇ ಅದು.

ಕೊಚ್ಚಿಯಿಂದ ಗಾಲೆಗೆ ಕನ್ಯಾಕುಮಾರಿಯನ್ನು ಬಳಸಿ ಹೋದರೆ ಸುಮಾರು 340 ನಾಟಿಕಲ್ ಮೈಲಿ (ಸುಮಾರು 630 ಕಿಲೋಮೀಟರ್), ಎಂದರೆ ಗಂಟೆಗೆ ಅಂತಹ ಐದು ಮೈಲಿಯ ವೇಗದಲ್ಲಿ ಮೂರು ದಿನ. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. ಡಿಸೆಂಬರ್, ಜನವರಿಯಲ್ಲಿ ಕೂಡ ಮನ್ನಾರ್ ಕೊಲ್ಲಿಯಿಂದ ಬೀಸುವ ಈಶಾನ್ಯದ ಗಾಳಿ ಕನ್ಯಾಕುಮಾರಿ ದಾಟಿದೊಡನೆ ಎಡಬದಿಯಿಂದ ಬಡಿಯುತ್ತದೆ.

ಗಾಲೆಯಲ್ಲಿ ಯಾಟ್‌ಗಳು ಸ್ಥಳೀಯ ಏಜೆಂಟರ ಮೂಲಕವೇ ಬರಬೇಕು. ಆದ್ದರಿಂದ ದೋಣಿಯ ನೋಂದಣಿ ಪತ್ರ, ವಿಮೆ, ಎಲ್ಲರ ಪಾಸ್‌ಪೋರ್ಟ್ ಮತ್ತು ವೀಸಾ, ಸಿಬ್ಬಂದಿ ಪಟ್ಟಿ ಇವುಗಳ ಪ್ರತಿಗಳನ್ನು ಹೊರಡುವ ಮೊದಲೇ ಅವರಿಗೆ ಕಳುಹಿಸಿಕೊಡಿ. ಶ್ರೀಲಂಕಾದ ಜಲಸೀಮೆಯೊಳಗೆ ಬಂದ ಮೇಲೆ ಬಲಬದಿಯ ಹಗ್ಗದಲ್ಲಿ ಆ ದೇಶದ ಧ್ವಜವನ್ನೂ ಅದರೊಡನೆ ಹಳದಿ ಬಾವುಟವನ್ನೂ ಏರಿಸಬೇಕು. 'ನನ್ನ ನೌಕೆಯಲ್ಲಿ ರೋಗರುಜಿನವಿಲ್ಲ, ಪ್ರವೇಶಕ್ಕೆ ಅನುಮತಿ ಕೊಡಿ' ಎಂಬುದು ಆ ಹಳದಿಯ ಅರ್ಥ. ಹಿಂದಿನ ಕಾಲದಲ್ಲಿ ಅದೇ ಬಣ್ಣ ಹಡಗಿನಲ್ಲಿ ರೋಗವಿದೆಯೆಂದು ಸಾರುತ್ತಿತ್ತು. ಹಳೆಯ ನಾವಿಕರು ಇಂದಿಗೂ ಅದನ್ನು ನೋಡಿ ನಗುತ್ತಾರೆ. ವಿಎಚ್‌ಎಫ್ ರೇಡಿಯೋದ (ಹತ್ತಿರದ ನೌಕೆ, ಬಂದರುಗಳೊಡನೆ ಮಾತಾಡುವ ರೇಡಿಯೋದ) 16ನೆಯ ಚಾನೆಲಿನಲ್ಲಿ ಬಂದರನ್ನು ಕರೆದು, ಹೇಳಿದ ಕಡೆ ಲಂಗರು ಹಾಕಿ ಕಾಯಬೇಕು. ಅಲ್ಲಿ ನೌಕಾಪಡೆಯ ನೆಲೆಯೂ ಇರುವುದರಿಂದ ನೌಕಾಪಡೆಯವರು ದೋಣಿಯನ್ನು ಪರಿಶೀಲಿಸದೆ ಒಳಗೆ ಬಿಡುವುದಿಲ್ಲ. ನಾವು ಸಂಜೆ ತಲುಪಿದೆವು. ದೀಪಗಳು ಕಣ್ಣೆದುರೇ ಹೊಳೆಯುತ್ತಿದ್ದರೂ ಇಡೀ ರಾತ್ರಿ ಹೊರಗೇ ತೂಗಾಡುತ್ತ ಕಳೆಯಬೇಕಾಯಿತು. ಬೆಳಗ್ಗೆ ತಲುಪುವಂತೆ ಲೆಕ್ಕ ಹಾಕಿಕೊಳ್ಳಿ.

ಒಳಗೆ ಹೋದ ಮೇಲೆ ಆರೋಗ್ಯ, ಕಸ್ಟಮ್ಸ್, ಇಮಿಗ್ರೇಷನ್ ವಿಭಾಗದವರು ಮುಗಿಸುವ ತನಕ ಯಾರೂ ದಡಕ್ಕೆ ಕಾಲಿಡಬಾರದು. ಮದ್ಯ, ಸಿಗರೇಟು, ಔಷಧಿ ಎಷ್ಟಿದೆಯೋ ಅಷ್ಟನ್ನೂ ಪಟ್ಟಿಯಲ್ಲಿ ಬರೆಯಿರಿ. ಮನೆಯಿಂದ ತಂದ ಬಾಳೆಹಣ್ಣು, ಹಲಸಿನ ಹಪ್ಪಳವನ್ನೂ ಮುಚ್ಚಿಡಬೇಡಿ. ಸಿಬ್ಬಂದಿ ಪಟ್ಟಿಯಲ್ಲಿ ನನ್ನ ಪಾಸ್‌ಪೋರ್ಟಿನ ಒಂದು ಅಂಕಿಯನ್ನು ನಾನೇ ತಪ್ಪಾಗಿ ಟೈಪ್ ಮಾಡಿದ್ದೆ. ಎಲ್ಲ ಪ್ರತಿಗಳನ್ನೂ ಹೊಸದಾಗಿ ಬರೆದು ಸಹಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ದಿನ ನಮ್ಮ ಮಾನ ಉಳಿಸಿದ್ದು ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಬಳಿ ಮಾಡಿಸಿದ, ದೋಣಿಯ ಹೆಸರಿದ್ದ ರಬ್ಬರ್ ಮೊಹರು! ಕಾನೂನಿನ ಪ್ರಕಾರ ಅದು ಬೇಕೇಬೇಕೆಂದೇನೂ ಇಲ್ಲ, ಆದರೆ ಮೊಹರು ಬಿದ್ದ ಕಾಗದಕ್ಕೆ ಕಚೇರಿಗಳಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಸೌಲಭ್ಯಗಳ ವಿಷಯದಲ್ಲಿ ಕೊಚ್ಚಿಯ ಮರೀನಾದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಗಾಲೆ ಮುಖ್ಯವಾಗಿ ಸರಕು ಹಡಗುಗಳ ಮತ್ತು ನೌಕಾಪಡೆಯ ಬಂದರು. ನೀರಿನ ಮೇಲೆ ತೇಲುವ ಕಟ್ಟೆಗೆ ದೋಣಿ ಕಟ್ಟಿದರೂ ಕಡಲಿನ ಅಲೆಗಳ ತೂಗಾಟ ಒಳಗೂ ಬರುತ್ತದೆ. ಹಗ್ಗ ಉಜ್ಜುವ ಕಡೆಗಳಲ್ಲಿ ಹಳೆಯ ಬಟ್ಟೆ ಸುತ್ತದಿದ್ದರೆ ವಾರದೊಳಗೆ ಸವೆದುಹೋಗುತ್ತದೆ. ನಮಗೆ ನೀರು, ಡೀಸೆಲ್ ಏಜೆಂಟರ ಮೂಲಕ ದೊರೆತವು. ತರಕಾರಿ, ತೆಂಗಿನಕಾಯಿ, ಕುಚ್ಚಲಕ್ಕಿಗೆ ಪೇಟೆಗೆ ನಡೆದುಹೋದರೆ ಸಾಕು. ನಮ್ಮೂರಿನ ಸಂತೆಯಲ್ಲಿ ಸಿಗುವ ಹೆಚ್ಚಿನದೆಲ್ಲ ಅಲ್ಲಿಯೂ ಇದೆ. ಬಂದರಿನ ಗೇಟಿನಲ್ಲಿ ತೋರಿಸುವ ಪಾಸು ಮಾತ್ರ ಸದಾ ಜೇಬಿನಲ್ಲಿರಲಿ.

ಹಿಂದಿರುಗುವಾಗ ಗಾಲೆಯ ನಿರ್ಗಮನ ಪತ್ರವಿಲ್ಲದೆ ಹೊರಡಬೇಡಿ. ಕೊಚ್ಚಿಯಲ್ಲಿ ಹಳದಿ ಬಾವುಟದಿಂದ ಮೊದಲ್ಗೊಂಡು ಎಲ್ಲವೂ ಮತ್ತೊಮ್ಮೆ ನಡೆಯುತ್ತದೆ. ಗಾಲೆಯಲ್ಲಿ ಬೇರೆ ಯಾಟಿನವರು ಹಳೆಯ ಸ್ಯಾಟಲೈಟ್ ಫೋನ್ ಕಡಿಮೆ ಬೆಲೆಗೆ ಕೊಡಲು ಬಂದರೆ ಕೊಳ್ಳಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ, ಅದಕ್ಕಾಗಿ ಬಂಧನಕ್ಕೆ ಒಳಗಾದವರೂ ಇದ್ದಾರೆ.