ಒಸರು ಇದ್ದೇ ಇರುತ್ತದೆ, ಅದರ ಲೆಕ್ಕ ಎಲ್ಲಿದೆ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮ ಗದ್ದೆಯ ಮೇಲ್ಗಡೆ ಒಂದು ಅಣೆಕಟ್ಟು ಇದೆ. ಅದರ ಬುಡದಲ್ಲಿ ಒಂದು ಕಡೆ ಬೇಸಿಗೆಯಲ್ಲೂ ನೆಲ ಹಸಿಯಾಗಿಯೇ ಇರುತ್ತದೆ. ಮಳೆಗಾಲಕ್ಕೆ ಮೊದಲು ಜೀಪಿನಲ್ಲಿ ಬಂದು ನೋಡಿ ಹೋಗುತ್ತಾರೆ. ಕೇಳಿದರೆ 'ಏನೂ ತೊಂದರೆ ಇಲ್ಲ' ಅನ್ನುತ್ತಾರೆ. ಅವರು ಏನು ನೋಡಿದರು, ಏನು ಬರೆದುಕೊಂಡರು ಅಂತ ನಾವು ಕೇಳಬಾರದೇ? ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದರೆ ನಮಗೆ ರಾತ್ರಿ ನಿದ್ದೆ ಇಲ್ಲ."

ಕೇಳಬಹುದು, ಕೇಳಲೇಬೇಕು. ಅಣೆಕಟ್ಟಿನ ಹೆಸರನ್ನು ಬೇಕೆಂದೇ ಇಲ್ಲಿ ಹಾಕಿಲ್ಲ. ಪರೀಕ್ಷೆ ಆಗುವ ಮೊದಲೇ ಹೆಸರು ಹಾಕಿದರೆ ಕೆಳಗಿನ ಊರುಗಳ ಜನ ಸುಮ್ನೆ ಹೆದರುತ್ತಾರೆ.

ಮೊದಲು ಆ ಹಸಿ ನೆಲದ ವಿಷಯ. ಒಸರದ ಅಣೆಕಟ್ಟು ಇಲ್ಲ. ಮಣ್ಣಿನ ಏರಿ ಇರಲಿ, ಕಲ್ಲು ಕಟ್ಟಡ ಇರಲಿ, ಸ್ವಲ್ಪ ನೀರು ಹೊರಗೆ ಬಂದೇ ಬರುತ್ತದೆ. ಹಾಗೆ ಬರಲಿ ಅಂತಲೇ ಒಳಗೆ ದಾರಿಯನ್ನೂ ಮಾಡಿರುತ್ತಾರೆ. ನೀರು ತಿಳಿಯಾಗಿದ್ದು, ಬರುವ ಜಾಗ ಬದಲಾಗದೆ, ವರ್ಷ ವರ್ಷವೂ ಅಷ್ಟೇ ಬರುತ್ತಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಆದರೆ ಒಂದು ದಿನ ಅದೇ ನೀರು ಕೆಂಪಗೆ, ಕದಡಿಕೊಂಡು ಬಂತು ಅನ್ನಿ. ಏರಿಯ ಒಳಗಿನ ಮಣ್ಣನ್ನು ನೀರು ಹೊತ್ತು ತರುತ್ತಿದೆ ಅಂತ ಅರ್ಥ. ಒಳಗೆ ಕೊಳವೆಯ ಹಾಗೆ ದಾರಿ ಬಿದ್ದು, ಅದು ಅಗಲ ಆಗುತ್ತಾ ಹೋಗುತ್ತದೆ. ಏರಿ ಕುಸಿಯಲು ಕೆಲವು ಸಲ ಒಂದು ರಾತ್ರಿ ಸಾಕು. ತೋಟದ ಕೆರೆ ಇರುವವರಿಗೆ ಇದು ಗೊತ್ತಿರುವ ವಿಷಯವೇ. ಏಡಿ ಬಿಲ, ಗೆದ್ದಲಿನ ಹುತ್ತ, ಏರಿ ಮೇಲೆ ಬೆಳೆದ ಮರದ ಬೇರು ಇವನ್ನೆಲ್ಲ ದೊಡ್ಡ ಅಣೆಕಟ್ಟಿನಲ್ಲೂ ಹುಡುಕಿ ಹುಡುಕಿ ನೋಡಬೇಕು.

ಹಿಂದೊಮ್ಮೆ ಒಂದು ಅಣೆಕಟ್ಟಿನ ಗ್ಯಾಲರಿಗೆ, ಅಂದರೆ ಗೋಡೆಯ ಹೊಟ್ಟೆಯೊಳಗಿನ ಸುರಂಗಕ್ಕೆ, ಇಳಿದಿದ್ದೆ. ಮಂಜು ಮುಸುಕಿದ ಹಾಗೆ ತಣ್ಣಗಿತ್ತು. ಪಕ್ಕದ ಚರಂಡಿಯಲ್ಲಿ ಒಸರಿದ ನೀರು ಹರಿಯುತ್ತಿತ್ತು. ಚರಂಡಿಗೆ ಅಡ್ಡಲಾಗಿ ಒಂದು ತಗಡು, ಅದರ ನಡುವೆ ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ಕಚ್ಚು. ಅಲ್ಲಿನವರು ಅದಕ್ಕೆ ವಿ-ನಾಚ್ ಅನ್ನುತ್ತಾರೆ. ಕೆಲಸದವರು ಟಾರ್ಚ್ ಹಿಡಿದು, ಬಗ್ಗಿ, ಅಳತೆಪಟ್ಟಿಯಲ್ಲಿ ನೀರಿನ ಎತ್ತರ ನೋಡಿ ರಿಜಿಸ್ಟರಿನಲ್ಲಿ ಬರೆದರು. ಅಷ್ಟೇ ಕೆಲಸ. ಆದರೆ ಆ ಕಚ್ಚಿನಲ್ಲಿ ನೀರಿನ ಎತ್ತರ 5 ಸೆಂಟಿಮೀಟರಿನಿಂದ 10ಕ್ಕೆ ಏರಿತು ಅಂದರೆ ಒಸರು ಎರಡರಷ್ಟಾಗಿದೆ ಅಂತ ತಿಳಿಯಬಾರದು. ಐದೂವರೆ ಪಟ್ಟು ದಾಟಿರುತ್ತದೆ. ಕಣ್ಣಳತೆಯಲ್ಲಿ ಇದು ಸಿಗುವುದಿಲ್ಲ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಬೆಳಗೆದ್ದ ಕೂಡಲೇ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬರೆದಿಡುತ್ತಾರೆ. ಅಜ್ಜನ ಕಾಲದ ಪುಸ್ತಕ ಇಟ್ಟುಕೊಂಡವರೂ ಇದ್ದಾರೆ. ನಿನ್ನೆ ಮೂರು ಇಂಚು ಬಿತ್ತು ಅಂದರೆ ಜಾಸ್ತಿಯೋ ಕಡಿಮೆಯೋ ಗೊತ್ತಾಗುವುದು ಹಳೆಯ ಪುಟ ತಿರುಗಿಸಿದಾಗಲೇ ಅಲ್ವಾ? ಒಸರಿನ ಲೆಕ್ಕವೂ ಹಾಗೆಯೇ. ಹೋದ ವರ್ಷ ಜಲಾಶಯದಲ್ಲಿ ಇಷ್ಟೇ ಅಡಿ ನೀರಿದ್ದಾಗ ಎಷ್ಟು ಒಸರುತ್ತಿತ್ತು, ಈಗ ಎಷ್ಟು? ಇದನ್ನು ಹೇಳದೆ 'ಸುರಕ್ಷಿತ' ಎಂದು ಒಂದೇ ಪದ ಬರೆದರೆ ಅದನ್ನು ವರದಿ ಅಂತ ನಾನು ಒಪ್ಪುವುದಿಲ್ಲ.

ಕಾನೂನು ಕೂಡ ಒಪ್ಪುವುದಿಲ್ಲ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೆಲ್ಲ ಇದರ ಕೆಳಗೆ ಬರುತ್ತವೆ. ಪ್ರತಿ ವರ್ಷ ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ತಪಾಸಣೆ ಆಗಲೇಬೇಕು. ಪ್ರವಾಹ, ಭೂಕಂಪ ಆದಾಗಲೂ ನೋಡಬೇಕು. ನಮಗೆ ಈ ಕೊನೆಯ ಮಾತು ಮುಖ್ಯ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿ ಪಾತ್ರೆಗಳು ಅಲುಗಾಡಿದ್ದನ್ನು ಮರೆತಿಲ್ಲ ತಾನೇ? 2018ರ ಭೂಕುಸಿತದ ಮಣ್ಣು ಹಟ್ಟಿಹೊಳೆಯಲ್ಲಿ ಹರಿದು ಹಾರಂಗಿ ಜಲಾಶಯ ಸೇರಿದ್ದೂ ನಮ್ಮ ಕಣ್ಣೆದುರೇ.

ಕಂಡ ದೋಷಗಳನ್ನು ಮೂರು ದರ್ಜೆಯಾಗಿ ಬರೆಯುವ ಪದ್ಧತಿ ಇದೆ. ಒಡೆಯುವ ಮಟ್ಟದ ದೋಷ ಮೊದಲನೆಯದು. ಬೇಗ ಸರಿಮಾಡಬೇಕಾದ ದೊಡ್ಡ ದೋಷ ಎರಡನೆಯದು. ಚಿಕ್ಕಪುಟ್ಟದ್ದು ಮೂರನೆಯದು. ನಿಮ್ಮ ಅಣೆಕಟ್ಟು ಯಾವ ದರ್ಜೆಯಲ್ಲಿದೆ, ಹೋದ ಸಲ ಬರೆದ ದೋಷ ಈ ಸಲಕ್ಕೆ ಸರಿಹೋಯಿತೇ ಅಂತ ಕೇಳಿ. ನನ್ನ ಅನುಭವದಲ್ಲಿ ಉತ್ತರ ತಡವರಿಸುವುದು ಎರಡನೇ ಪ್ರಶ್ನೆಗೇ.

ಏರಿಯಷ್ಟೇ ಗೇಟನ್ನೂ ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೋಡೆಗೆ ಏನೂ ಆಗಿರಲಿಲ್ಲ. ಆದರೂ ರೈತರು ಕಾದಿದ್ದ ನೀರು ದಿನಗಟ್ಟಲೆ ಹೊಳೆಗೆ ಹರಿಯಿತು. ಇನ್ನೊಂದು ಕಥೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯದು. ಅಲ್ಲಿ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಕೆಳಗಿನ ಮನೆಗಳನ್ನು ಜನರ ಸಮೇತ ಕೊಚ್ಚಿಕೊಂಡು ಹೋಯಿತು. ಸೋರುತ್ತಿದೆ ಅಂತ ಊರಿನವರು ಮೊದಲೇ ಹೇಳಿದ್ದರು. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಅದೇ.

ಹಾಗಾಗಿ ಹೀಗೆ ಮಾಡಿ. ಹಸಿ ನೆಲದ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಿಂದ ತೆಗೆಯಿರಿ. ತಾರೀಕು, ಆ ದಿನದ ಜಲಾಶಯದ ಮಟ್ಟ, ನೀರು ತಿಳಿಯೋ ಕದಡಿದೆಯೋ ಬರೆದಿಡಿ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಇಟ್ಟರೆ ಗೊತ್ತಾಗುತ್ತದೆ. ಇಂಜಿನಿಯರ್ ಕಚೇರಿಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಕದಡಿದ ನೀರು ಕಂಡರೆ ಮಾತ್ರ ಕಾಯಬೇಡಿ. ಆಗಲೇ ಫೋನ್ ಮಾಡಿ, ತಹಶೀಲ್ದಾರರಿಗೂ ತಿಳಿಸಿ.

ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯನ್ನು ನಮ್ಮ ಪತ್ರಿಕೆಯ ಕಡೆಯಿಂದ ಈ ವಾರವೇ ಹಾಕುತ್ತಿದ್ದೇವೆ. ಹಿಂದಿನ ಎರಡು ವರ್ಷದ ತಪಾಸಣಾ ವರದಿ, ಒಸರಿನ ರಿಜಿಸ್ಟರಿನ ನಕಲು, ನೀರು ನುಗ್ಗಿದರೆ ಯಾವ ಊರಿಗೆ ಯಾರು ಹೇಗೆ ಸುದ್ದಿ ಮುಟ್ಟಿಸಬೇಕು ಎಂಬ ತುರ್ತು ಯೋಜನೆ, ಇವಿಷ್ಟನ್ನು ಕೇಳಿದ್ದೇವೆ. 30 ದಿನದೊಳಗೆ ಉತ್ತರ ಕೊಡಬೇಕು. ಬಂದದ್ದನ್ನು ಬಂದ ಹಾಗೆಯೇ ಅಚ್ಚು ಹಾಕುತ್ತೇವೆ. ನಿಮ್ಮ ಮೊದಲ ಫೋಟೋವನ್ನು ಅಷ್ಟರೊಳಗೆ ಕಳಿಸಿ.