ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಯಾರು? ವಿಜ್ಞಾನ ಓದಿದವರು ಆ ಕಡೆ ಹೋಗಬಹುದಾ?

ಖಂಡಿತ ಹೋಗಬಹುದು. ಹೋದವರಲ್ಲಿ ಎಷ್ಟೋ ಜನ ವಿಜ್ಞಾನದಿಂದಲೇ ಬಂದವರು. ಸಂಶೋಧನೆಯ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವುದು, ಬೇರೆಯವರ ಕಂಪ್ಯೂಟರಲ್ಲೂ ಅದು ಓಡುವಂತೆ ಮಾಡುವುದು, ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಇವರ ಕೆಲಸ. ಈ ಹುದ್ದೆಗೆ ಹೆಸರು ಬಿದ್ದದ್ದೇ 2012ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಒಂದು ಕಾರ್ಯಾಗಾರದಲ್ಲಿ. ಕೆಲಸ ಮಾತ್ರ ಅದಕ್ಕಿಂತ ಹಳೆಯದು.

ಫರ್ನಾಂಡೊ ಪೆರೆಝ್ ಅವರನ್ನೇ ನೋಡಿ. ಕೊಲಂಬಿಯಾದವರು. 2001ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಮಾಡುತ್ತಿದ್ದರು. ಥೀಸಿಸ್ ಬರೆಯೋದು ಬಿಟ್ಟು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದರು, 259 ಸಾಲು. ಒಂದು ಸಾಲು ಟೈಪ್ ಮಾಡು, ಉತ್ತರ ನೋಡು, ಆಮೇಲೆ ಮುಂದಿನದು ಯೋಚಿಸು. ಲೆಕ್ಕ ಹೀಗೆ ಆರಾಮಾಗಿ ನಡೆಯಲಿ ಅನ್ನೋದಷ್ಟೇ ಉದ್ದೇಶ. ಅದೇ ಐಪೈಥಾನ್. 2014ರಲ್ಲಿ ಅದರಿಂದ ಜುಪಿಟರ್ ಅನ್ನೋ ಸಾಫ್ಟ್‌ವೇರ್ ಹುಟ್ಟಿತು, ಎಲ್ಲರಿಗೂ ಬಿಟ್ಟಿ. ಅದರಲ್ಲಿ ಕೋಡ್, ಉತ್ತರ, ಗ್ರಾಫ್, ವಿವರಣೆ ಎಲ್ಲ ಒಂದೇ ಕಡತದಲ್ಲಿ ಇಡಬಹುದು; ಆ ಕಡತಕ್ಕೆ ನೋಟ್‌ಬುಕ್ ಅಂತಾರೆ. 2016ರಲ್ಲಿ ಗುರುತ್ವ ಅಲೆ ಸಿಕ್ಕ ಸುದ್ದಿ ಬಂದಾಗ ಅದನ್ನು ಪತ್ತೆ ಮಾಡಿದ ಲೈಗೋ ತಂಡ ಡೇಟಾ ಜೊತೆ ನೋಟ್‌ಬುಕ್ಕನ್ನೂ ಹೊರಗೆ ಬಿಟ್ಟಿತು. ಯಾರು ಬೇಕಾದರೂ ಮನೆಯಲ್ಲೇ ಕೂತು ಆ ಅಲೆಯ ಗ್ರಾಫ್ ತೆಗೆದು ನೋಡಬಹುದಿತ್ತು! ಪೆರೆಝ್ ಮುಂದೆ ಬರ್ಕ್ಲೀಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪ್ರಾಧ್ಯಾಪಕರಾದರು.

ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಬಡ್ತಿ ಕೊಡುವಾಗ ಸಂಶೋಧನಾ ಪೇಪರ್ ಎಣಿಸುತ್ತಾರೆ, ಕೋಡ್ ನೋಡುವುದು ಕಡಿಮೆ. ಎಷ್ಟೋ ಹುದ್ದೆಗಳು ಪ್ರಾಜೆಕ್ಟ್ ಹಣ ಇರುವವರೆಗೆ ಮಾತ್ರ. ಸಂಬಳವೂ ದೊಡ್ಡ ಕಂಪನಿಗಳಷ್ಟು ಸಾಮಾನ್ಯವಾಗಿ ಸಿಗಲ್ಲ. ಆದರೂ ಆಸೆ ಇದ್ದರೆ, ನೀವು ದಿನಾ ಬಳಸುವ ಯಾವುದಾದರೂ ಸಾಫ್ಟ್‌ವೇರ್ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ) ಕೈಪಿಡಿಯಲ್ಲಿ ಒಂದು ತಪ್ಪು ಹುಡುಕಿ, ತಿದ್ದಿ ಕಳಿಸಿ. ಅದಕ್ಕೆ ಯಾವ ಡಿಗ್ರಿಯೂ ಬೇಡ.